ಗೂಬೆ ಪೆಟ್ಟಿಗೆಗೆ ಕಟ್ಟಿದ ಹಾರ

ಟಿ. ನರಸೀಪುರದಿಂದ ಬಸ್ಸು ಇನ್ನೇನು ಹೊರಡಬೇಕು, ಆಗ ಒಬ್ಬ ಹೆಂಗಸು ಚೆಂಡುಹೂವಿನ ಮೂಟೆಯನ್ನು ತಂದು ನನ್ನ ಕಾಲಿನ ಬುಡಕ್ಕೇ ನೂಕಿದಳು. "ವಸಿ ಕಾಲ್ ಎತ್ಕಳಿ ಮೇಡಮ್ಮ, ನಂಜನಗೂಡ್ನಲ್ಲಿ ಇಳಿಸ್ಕತೀನಿ" ಎಂದಳು. ಕಾಲೆತ್ತಿದೆ. ಆ ಹಸಿ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ನಿಂತುಬಿಟ್ಟೆ. ಹಬ್ಬದ ಮುಂಚಿನ ಬಸ್ಸಿನಲ್ಲಿ ಸಿಕ್ಕಿದ ಸೀಟು ಬಿಟ್ಟು ಯಾರಾದರೂ ಏಳುತ್ತಾರೆಯೆ? ಪಕ್ಕದಲ್ಲಿದ್ದ ಸಿಂಚನಾ ಗಾಬರಿಯಾದಳು. ನಾನು ಪಾಠ ಹೇಳುವ ಡಿಪ್ಲೊಮಾ ಕಾಲೇಜಿನ ಕೊನೆಯ ವರ್ಷದ ಹುಡುಗಿ ಅವಳು.

"ಏನಾಯ್ತು ಮಿಸ್? ಇಳೀಬೇಕಾ?"

"ಏನಿಲ್ಲ, ಕೂತು ಕೂತು ಸಾಕಾಯ್ತು" ಎಂದೆ. ಬಸ್ಸು ಇನ್ನೂ ನಿಲ್ದಾಣವನ್ನೇ ಬಿಟ್ಟಿರಲಿಲ್ಲ.

ಸಿಂಚನಾಳ ತೊಡೆಯ ಮೇಲೆ, ಹುಲ್ಲಹಳ್ಳಿ ಕಡೆಯ ನಾಲೆಗೆ ಕಟ್ಟಲು ಒಯ್ಯುತ್ತಿದ್ದ ನೀರಳೆಯುವ ಪೆಟ್ಟಿಗೆ. ಅದರ ಮುಖದಲ್ಲಿ ಎರಡು ದುಂಡು ಕಣ್ಣು. ಅವಳ ಚೀಲದೊಳಗೆ ಅಚ್ಚಾದ ಒಂದು ಸಂಶೋಧನಾ ಪೇಪರ್. ತನ್ನ ಪ್ರಾಜೆಕ್ಟಿಗೆಂದು ಅವಳೇ ಹುಡುಕಿ ತೆಗೆದದ್ದು, ನಾನು ಕೊಟ್ಟದ್ದಲ್ಲ. ಕಳೆದ ವಾರ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, "ನೋಡಿ ಮಿಸ್, ನಮ್ಮ ಹುಲ್ಲಹಳ್ಳಿ ಕಡೆ ನಾಲೆದೇ! ಕೊನೇ ಗದ್ದೆ ತನಕ ನೀರು ಹೋಗಿದೆ. ನಾವೂ ಹಿಂಗೇ ಮಾಡೋಣ್ವಾ?" ಎಂದು ಕೇಳಿದ್ದಳು. ಅದರೊಳಗಿನ ನೀರಿನ ಮಟ್ಟದ ಗೆರೆಯನ್ನು ಕಂಡ ಮೇಲೆ ನನಗೆ ಒಂದು ಕಡೆ ನಿಲ್ಲಲು ಆಗುತ್ತಿಲ್ಲ. ಆ ಗೆರೆ ಬೆಳೆದ, ಎಷ್ಟೋ ವರ್ಷದ ಹಿಂದಿನ ಅಕ್ಟೋಬರ್ ತಿಂಗಳಿನಲ್ಲೂ ನಾನು ಹೀಗೇ ಇದ್ದೆ.

ಆಗ ನಾನು ಮೈಸೂರಿನ ಹೊರಗಿನ ಒಂದು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕರಾರಿನ ಮೇಲೆ ಪಾಠ ಹೇಳುತ್ತಿದ್ದೆ, ಅಲ್ಲಿಯೇ ಪಿಎಚ್.ಡಿ.ಯನ್ನೂ ಮಾಡುತ್ತಿದ್ದೆ. ನಮ್ಮ ಕಡೆ ಗದ್ದೆ ಇದ್ದವರು ಸಿಕ್ಕರೆ "ಎಕರೆಗೆ ಎಷ್ಟು ಮೂಟೆ ಆಯ್ತು" ಎಂದು ಕೇಳುವುದು ವಾಡಿಕೆ. ಅಲ್ಲಿ ಎದುರಿಗೆ ಬಂದವರೆಲ್ಲ "ಈ ವರ್ಷ ಎಷ್ಟು ಪೇಪರ್" ಎಂದು ಕೇಳುತ್ತಿದ್ದರು. ಸಂಶೋಧನೆ ಎನ್ನುವ ಮಾತು ಹಿಂದಕ್ಕೆ ಸರಿದು 'ಔಟ್‌ಪುಟ್' ಎನ್ನುವುದು ಗದ್ದುಗೆ ಏರಿತ್ತು. ಮುಖ್ಯ ಕಟ್ಟಡದ ಹಜಾರದಲ್ಲಿ ಗೋಡೆಯಗಲದ ಟಿವಿಯೊಂದನ್ನು ಹಾಕಿ, ಯಾವ ವಿಭಾಗದಿಂದ ಎಷ್ಟು ಪೇಪರ್ ಅಚ್ಚಾಯಿತು ಎಂದು ಬೆಳಗಿನಿಂದ ಸಂಜೆಯವರೆಗೆ ಓಡಿಸುತ್ತಿದ್ದರು. ನಮ್ಮ ಸಿವಿಲ್ ವಿಭಾಗ ಯಾವಾಗಲೂ ತಳದಲ್ಲಿ. ಕ್ಯಾಂಟೀನಿನಲ್ಲಿ ಕಂಪ್ಯೂಟರ್ ವಿಭಾಗದವರು "ನಿಮ್ಮದು ಬಿಡ್ರಪ್ಪ, ಸಿಮೆಂಟು ನೆನೀಬೇಕಲ್ಲ, ನಿಧಾನ" ಎಂದು ಚುಚ್ಚುತ್ತಿದ್ದರು. ಆ ವರ್ಷ ವಿಭಾಗದಿಂದ ಒಂದಾದರೂ ದೊಡ್ಡ ಪೇಪರ್ ಬರದಿದ್ದರೆ ಕರಾರಿನವರನ್ನು ಮುಂದುವರಿಸುವುದಿಲ್ಲ ಎಂಬ ಮಾತು ಮೇಲಿನಿಂದ ಬಂದಿತ್ತು. ಕರಾರಿನವಳು ಎಂದರೆ ನಾನೇ.

ನನ್ನ ಮಾರ್ಗದರ್ಶಕರು ರಾಜಶೇಖರ ಸರ್. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋಗುತ್ತದೆ. ವಿದ್ಯಾರ್ಥಿಗಳಿಗೆ ಹುಷಾರಿಲ್ಲದಿದ್ದರೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ ಮನುಷ್ಯ. ಆದರೆ ಆ ಟಿವಿಯ ಮುಂದೆ ಹಾದುಹೋಗುವಾಗ ಅವರ ಕತ್ತು ತಾನಾಗಿ ತಗ್ಗುತ್ತಿತ್ತು. ಅದನ್ನು ನೋಡಿದಾಗ ನನಗೇ ಸಂಕಟವಾಗುತ್ತಿತ್ತು.

ನಮ್ಮ ಕೆಲಸ ನಾಲೆಯ ನೀರಿನದು. ಹುಲ್ಲಹಳ್ಳಿ ಕಡೆಯ ಒಂದು ಉಪನಾಲೆಯನ್ನು ಆರಿಸಿಕೊಂಡಿದ್ದೆವು. ಅಣೆಕಟ್ಟು ತುಂಬಿದ್ದರೂ, ದೊಡ್ಡ ನಾಲೆ ದಡ ಮುಟ್ಟಿ ಹರಿಯುತ್ತಿದ್ದರೂ, ಉಪನಾಲೆಯ ಕೊನೆಯ ಗದ್ದೆಗಳಿಗೆ ನೀರು ತಲುಪುವುದಿಲ್ಲ ಎಂಬುದು ಅಲ್ಲಿನ ಹಳೆಯ ರೋಗ. ಮೇಲಿನಿಂದ ಕೊನೆಯವರೆಗೆ ಐದು ಕಡೆ ಕಬ್ಬಿಣದ ಕಂಬ ನೆಟ್ಟು, ನೀರಿನ ಮೇಲಕ್ಕೆ ಚಾಚಿದ ತೋಳಿಗೆ ಒಂದೊಂದು ಪೆಟ್ಟಿಗೆ ತೂಗುಹಾಕಿದೆವು. ಪೆಟ್ಟಿಗೆ ಕೆಳಕ್ಕೆ ನೋಡುತ್ತಿರುತ್ತದೆ. ನಮ್ಮ ಕಿವಿಗೆ ಕೇಳಿಸದ ಒಂದು ಸದ್ದು ಬಿಡುತ್ತದೆ, ಆ ಸದ್ದು ಏನಕ್ಕೋ ತಗುಲಿ ವಾಪಸು ಬರುವ ಹೊತ್ತನ್ನು ಅಳೆಯುತ್ತದೆ. ಬೇಗ ಬಂದರೆ ನೀರು ಮೇಲಿದೆ, ತಡವಾದರೆ ನೀರು ಕೆಳಗಿದೆ. ಐದು ಪೆಟ್ಟಿಗೆಯದು, ಪರದೆಯ ಮೇಲೆ ನೀರಿನ ಮಟ್ಟ ತೋರಿಸುವ ಐದು ಗೆರೆ. ಹಜಾರದ ಟಿವಿಯಲ್ಲೂ ಬರುತ್ತಿತ್ತು, ನೀರಾವರಿ ಕಚೇರಿಯ ಗೋಡೆಯಲ್ಲೂ ಬರುತ್ತಿತ್ತು. ನವರಾತ್ರಿಯಿಂದ ಕಚೇರಿಯವರು ಈ ಗೆರೆಗಳನ್ನು ನೋಡಿಕೊಂಡೇ ಉಪನಾಲೆಯ ಬಾಗಿಲನ್ನು ಎತ್ತುವುದು, ಇಳಿಸುವುದು ಎಂದು ಒಪ್ಪಂದವಾಗಿತ್ತು. ಕೊನೆಯ ಗದ್ದೆಗೆ ನೀರು ಸಾಲದಿದ್ದರೆ ಎತ್ತುವುದು, ತುಂಬಿದ್ದರೆ ಇಳಿಸುವುದು.

ಐದನೆಯ ಪೆಟ್ಟಿಗೆ ಬಂದದ್ದು ದೇವಮ್ಮಣ್ಣಿಯ ಗದ್ದೆಯ ತೂಬಿನ ಎದುರಿಗೆ. ಅಲ್ಲಿಂದಾಚೆಗೆ ನಾಲೆಯೇ ಇಲ್ಲ. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಗಂಡ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದುದರಿಂದ ಬೇಸಾಯವೆಲ್ಲ ಆಕೆಯದೇ. ಹಣೆಗೆ ವಿಭೂತಿ ಇಡದೆ ಗದ್ದೆಗೆ ಇಳಿದವಳಲ್ಲ. ಪೆಟ್ಟಿಗೆಯ ಎರಡು ದುಂಡು ಕಣ್ಣನ್ನು ನೋಡಿ, "ಇದೇನವ್ವಾ, ಗೂಬೆ ತಂದು ಕೂರುಸ್ತಾ ಇದ್ದೀರಿ ನಮ್ ಗದ್ದೆ ಮುಂದೆ!" ಎಂದು ನಕ್ಕಳು. ಅವತ್ತಿನಿಂದ ಅದರ ಹೆಸರು ಗೂಬೆ ಪೆಟ್ಟಿಗೆ. ಸರ್ ಕೂಡ ನಕ್ಕರು. ಹೊರಡುವಾಗ ಕೈಮುಗಿದು, "ದೇವಮ್ಮಣ್ಣಿಯವರೇ, ಇದು ನಿಮ್ಮ ಮನೆ ಟಿಲ್ಲರ್ ಇದ್ದ ಹಾಗೆ. ಚೆನ್ನಾಗಿ ನೋಡ್ಕೊಳ್ಳಿ. ಆಯುಧಪೂಜೆಗೆ ಇದಕ್ಕೂ ಒಂದು ಹೂವು ಇಡಿ" ಎಂದರು. ಆಡಿದ ಆ ಮಾತನ್ನು ನಾವಿಬ್ಬರೂ ಅಲ್ಲೇ ಬಿಟ್ಟು ಬಂದೆವು.

ಆಯುಧಪೂಜೆ ಬಂತು. ನಮ್ಮ ಪ್ರಯೋಗಾಲಯದಲ್ಲೂ ಬಲು ಜೋರು. ಕಾಂಕ್ರೀಟು ಒಡೆಯುವ ಯಂತ್ರಕ್ಕೆ ಬೂದುಗುಂಬಳ, ಕಂಪ್ಯೂಟರುಗಳ ಹಣೆಗೆಲ್ಲ ಮೂರು ಬೆರಳಿನ ವಿಭೂತಿ, ಎಲ್ಲರ ಕೈಗೆ ಕಡ್ಲೆಪುರಿ. ಪ್ರಿಂಟರಿಗೂ ಒಂದು ಹಾರ ಹಾಕಿದ್ದೆವು. ಅದರ ಹೊಟ್ಟೆಯೊಳಗೆ ಚೆಂಡುಹೂವಿನ ಎಸಳು ಸಿಕ್ಕಿಕೊಂಡು ಹಬ್ಬವಾದ ಮೇಲೆ ಎಷ್ಟೋ ದಿನ ಕಾಗದ ಕಚ್ಚುತ್ತಿತ್ತು. ಅದನ್ನು ಬಯ್ದುಕೊಂಡು ಬಿಡಿಸುತ್ತಿದ್ದವಳು ನಾನೇ. ಆಗಲೂ ಹೊಳೆಯಲಿಲ್ಲ.

ರಜೆ ಮುಗಿಸಿ ಬಂದರೆ ಐದನೆಯ ಗೆರೆ ಏರಿ ಕೂತಿತ್ತು. ಆಯುಧಪೂಜೆಯ ಮಧ್ಯಾಹ್ನ ತಳದಿಂದ ಎದ್ದು, ತುಂಬಿದ ನಾಲೆಯ ಮಟ್ಟಕ್ಕೆ ಬಂದು ನಿಂತಿತ್ತು. ಸುಮ್ಮನೆ ಸಪಾಟಾಗಿಯೂ ನಿಂತಿರಲಿಲ್ಲ, ಗಾಳಿಗೆ ನೀರು ತುಳುಕಿದ ಹಾಗೆ ಸಣ್ಣಗೆ ನಡುಗುತ್ತಿತ್ತು. ರಾಜಶೇಖರ ಸರ್ ಪರದೆಯ ಮುಂದೆ ನಿಂತರು, ಕೂತರು, ಮತ್ತೆ ನಿಂತರು. "ನೋಡ್ದ್ಯಾ ಶೈಲಾ, ಕೊನೆಗೂ ಮುಟ್ಟಿತು!" ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳಲ್ಲ. ನಮ್ಮ ಹೊಸ ಕ್ರಮ ಶುರುವಾಗಿದ್ದೂ ನವರಾತ್ರಿಯಲ್ಲೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ಆ ವಾರವೇ ಪೇಪರ್ ಬರೆದೆವು. ಹಗಲು ಪಾಠ, ಮಿಕ್ಕ ಹೊತ್ತೆಲ್ಲ ಬರೆಯುವುದು. ನನ್ನ ಹೆಸರನ್ನು ಮೊದಲು ಹಾಕಿದರು. "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತಲ್ಲಪ್ಪ" ಎಂದು ಕ್ಯಾಂಟೀನಿನಲ್ಲಿ ರೇಗಿಸಿದವರಿಗೆ ನಾನೇ ಕಾಫಿ ಕೊಡಿಸಿದೆ. ಬೇಗ ತೀರ್ಮಾನ ಹೇಳುವ ಒಂದು ಜರ್ನಲಿಗೆ ಕಳಿಸಿದೆವು. ಕಳಿಸಿದ ಮೇಲೆ ಶುರುವಾಯಿತು ನನ್ನ ಒದ್ದಾಟ. ಊಟದ ನಡುವೆ ಎದ್ದು ಇ-ಮೇಲ್ ನೋಡುವುದು, ಪಾಠದ ನಡುವೆ ನೋಡುವುದು, ಬಸ್ಸಿನಲ್ಲಿ ನಿಂತು ನೋಡುವುದು. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ" ಎಂದು ಅಮ್ಮ ಬಯ್ಯುತ್ತಿದ್ದಳು. ದಿನಾ ಸಂಜೆ ಚಾಮುಂಡಿ ಬೆಟ್ಟದ ಕಡೆ ಮೋಡ ಕಟ್ಟಿ, ಗುಡುಗಿ, ಒಂದು ಹನಿಯೂ ಚೆಲ್ಲದೆ ಚಾಮರಾಜನಗರದ ದಿಕ್ಕಿಗೆ ಸರಿದುಹೋಗುತ್ತಿತ್ತು. ಮೈಯೆಲ್ಲ ಬೆವರು, ಮಳೆ ಮಾತ್ರ ಇಲ್ಲ.

ಆ ಹೊತ್ತಿಗೆ ದೇವಮ್ಮಣ್ಣಿಯ ಫೋನು ಬಂತು.

"ನೀರ್ ಬತ್ತಾ ಇಲ್ಲ ಕಣವ್ವ ಮೇಡಮ್ಮ. ನಿಮ್ ಗೂಬೆ ಏನ್ ಏಳ್ತದೆ?"

"ನೀರಿದೆ ಅಂತ ಹೇಳ್ತಿದೆ ಅಕ್ಕ. ತುಂಬ ಇದೆ ಅಂತಿದೆ."

"ಅಂಗಾರೆ ಯಾವ್ ಗದ್ದೆಗ್ ಓಯ್ತಾ ಅದೆ ಅದು?" ಎಂದಳು.

ಸರ್ ಹತ್ತಿರ ಹೇಳಿದೆ. ಅವರು ನಕ್ಕರು. "ಕೊನೆ ಭಾಗದ ರೈತರು ನೀರಿದೆ ಅಂತ ಯಾವತ್ತಾದ್ರೂ ಒಪ್ಕೊಂಡಿದ್ದಾರಾ? ಇದೆ ಅಂದ್ರೆ ಬಾಗಿಲು ಇಳಿಸ್ತಾರೆ ಅಂತ ಅವರಿಗೂ ಗೊತ್ತು. ಇಲ್ಲ ಅಂತಾನೇ ಹೇಳ್ತಾರೆ." ಅದರಲ್ಲಿ ನಿಜವೂ ಇತ್ತು. ನನ್ನ ಸೋದರಮಾವಂದಿರು ಟಿ. ನರಸೀಪುರದಲ್ಲಿ ಗದ್ದೆ ಮಾಡಿದವರು. ಬದುವಿನ ಮೇಲೆ ನೀರು ಹರಿಯುತ್ತಿದ್ದಾಗಲೂ ಯಾರಾದರೂ ಕೇಳಿದರೆ "ಎಲ್ ಬತ್ತದೆ" ಎಂದೇ ಹೇಳುತ್ತಿದ್ದರು. ಹಾಗಾಗಿ ನನಗೆ ಯಾವುದನ್ನು ನಂಬುವುದೋ ಗೊತ್ತಾಗುತ್ತಿರಲಿಲ್ಲ. ಪರದೆ ನೋಡಿದರೆ ನೀರು ತುಳುಕುತ್ತಿತ್ತು. ಫೋನು ಎತ್ತಿದರೆ ಇರಲಿಲ್ಲ.

ಮುಂದಿನ ಸೋಮವಾರ ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಸಮಿತಿ ಬರುವುದಿತ್ತು. ವಾರವಿಡೀ ಅದರ ತಾಲೀಮು. ಯಾರು ಎಲ್ಲಿ ನಿಲ್ಲಬೇಕು, ಯಾವ ಪ್ರಶ್ನೆಗೆ ಯಾರು ಉತ್ತರಿಸಬೇಕು, ಹಜಾರದ ಟಿವಿಯ ಮುಂದೆ ಐದು ಗೆರೆ ತೋರಿಸಿ ಸರ್ ಏನು ಹೇಳಬೇಕು. ತಾಲೀಮಿಗೆ ಹೋಗುವಾಗ ಫೋನನ್ನು ಬಾಗಿಲಲ್ಲಿ ಒಂದು ಟ್ರೇಗೆ ಹಾಕಿ ಹೋಗಬೇಕಿತ್ತು. ಶುಕ್ರವಾರ ಸಂಜೆ ಹೊರಗೆ ಬಂದು ನೋಡಿದರೆ ದೇವಮ್ಮಣ್ಣಿ ಮೇಲಿಂದ ಮೇಲೆ ಫೋನು ಮಾಡಿದ್ದಳು. ಕೊನೆಗೆ ಒಂದು ವಾಯ್ಸ್ ಮೆಸೇಜು. "ಮೇಡಮ್ಮ, ತೆನೆ ಈಚೆ ಬತ್ತಾ ಅದೆ. ಗದ್ದೆ ಬಿರುಕು ಬುಟ್ಟದೆ. ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅನ್ನಂಗಾಯ್ತು ನಮ್ದು. ನೀವಾದ್ರೂ ಒಂದ್ಸಲ ಬಂದ್ ನೋಡ್ಕೊಂಡೋಗ್ರವ್ವಾ."

ಆ ದನಿ ಸುಳ್ಳಿನದಲ್ಲ ಅನ್ನಿಸಿತು. ಸರ್‌ಗೆ ಹೇಳದೆ ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಹುಲ್ಲಹಳ್ಳಿಯಲ್ಲಿ ಇಳಿದು ಆಟೋ ಹಿಡಿದೆ. ಮೇಲಿನ ಗದ್ದೆಗಳೆಲ್ಲ ಹಸಿರು, ತೂಬುಗಳಲ್ಲಿ ನೀರಿನ ಸದ್ದು. ಕೆಳಕ್ಕೆ ಹೋದಂತೆ ನಾಲೆ ಬಡವಾಯಿತು. ಮೂರನೆಯ ಕಂಬದ ಹತ್ತಿರ ಮೊಣಕಾಲುದ್ದ, ನಾಲ್ಕನೆಯದರ ಹತ್ತಿರ ಪಾದ ಮುಳುಗುವಷ್ಟು. ಆಮೇಲೆ ಬರಿಯ ಕೆಸರು, ಆಮೇಲೆ ಕೆಸರೂ ಇಲ್ಲ. ಆಟೋದವನು "ಮುಂದೆ ರಸ್ತೆ ಇಲ್ಲ ಮೇಡಂ" ಎಂದು ನಿಲ್ಲಿಸಿದ ಕಡೆಯಿಂದ ಏರಿಯ ಮೇಲೆ ಓಡುನಡಿಗೆಯಲ್ಲಿ ಹೋದೆ. ದೂರದಿಂದಲೇ ಐದನೆಯ ಕಂಬ ಕಂಡಿತು. ಅದರ ತೋಳಿನಲ್ಲಿ ಏನೋ ಕಂದು ಬಣ್ಣದ್ದು ತೂಗಾಡುತ್ತಿತ್ತು.

ಚೆಂಡುಹೂವಿನ ಹಾರ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ, ತೋಳು ಗಾತ್ರದ ಹಾರ. ಒಣಗಿ ಮುದುರಿತ್ತು, ಆದರೂ ಉದುರಿರಲಿಲ್ಲ. ಪೆಟ್ಟಿಗೆಯ ಕೊರಳಿಗೆ ಹಾಕಿದ್ದು ಕೆಳಕ್ಕೆ ಇಳಿಬಿದ್ದು, ಅದರ ತುದಿ ಎರಡು ಕಣ್ಣಿನ ನೇರ ಕೆಳಗೆ, ನಾಲೆ ತುಂಬಿದ್ದರೆ ನೀರು ಎಲ್ಲಿರಬೇಕೋ ಅಲ್ಲಿ, ಗಾಳಿಗೆ ಆ ಕಡೆ ಈ ಕಡೆ ಆಡುತ್ತಿತ್ತು. ಪೆಟ್ಟಿಗೆಯ ಸದ್ದು ನೀರಿನವರೆಗೆ ಹೋಗಿಯೇ ಇರಲಿಲ್ಲ. ಹೂವಿಗೆ ತಗುಲಿ ವಾಪಸು ಬರುತ್ತಿತ್ತು. ನಾವು ನೀರಿನ ತುಳುಕು ಎಂದು ಪೇಪರಿನಲ್ಲಿ ಬರೆದದ್ದು ಹಾರದ ಓಲಾಟ. ಆ ಗೆರೆಯನ್ನು ನಂಬಿ ಕಚೇರಿಯವರು ಕೊನೆಯ ಗದ್ದೆಗೆ ನೀರು ಸಾಕೆಂದು ಬಾಗಿಲು ಇಳಿಸುತ್ತ ಬಂದಿದ್ದರು.

ನನಗೆ ನಗು ಬಂತು. ನಾಚಿಕೆಯಾಗುತ್ತದೆ, ಆದರೆ ಮೊದಲು ಬಂದದ್ದು ನಗುವೇ. ದೇವಮ್ಮಣ್ಣಿ ಗದ್ದೆಯಿಂದ ಏರಿ ಹತ್ತಿ ಬಂದಳು. ಅವಳ ಹಿಂದೆ ಪೈರು ಎಲೆ ಸುರುಳಿ ಸುತ್ತಿಕೊಂಡು ನಿಂತಿತ್ತು. ನಗು ಅಲ್ಲಿಗೇ ನಿಂತಿತು.

"ಅಕ್ಕ, ಈ ಹಾರ ಯಾರು ಹಾಕಿದ್ದು?"

"ನಾನೇ ಕಣವ್ವ. ಆಯುಧಪೂಜೆ ದಿನ. ನಿಮ್ ದೊಡ್ ಮೇಷ್ಟ್ರೇ ಏಳಿದ್ರಲ್ಲ, ಮರೀಬ್ಯಾಡಿ ಅಂತ. ಟಿಲ್ಲರಿಗಿಂತ ಉದ್ದ ಕಟ್ದೆ ಇದಕ್ಕೆ. ಮೂಲೇಲಿ ಒಂಟಿಯಾಗ್ ಕೂತದೆ ಪಾಪ ಅಂತ."

ಹೇಗೆ ಹೇಳಲಿ? ಹೇಳದೆ ಇರುವುದಕ್ಕೂ ಆಗಲಿಲ್ಲ. ಪೆಟ್ಟಿಗೆ ಹೇಗೆ ನೋಡುತ್ತದೆ, ಹೂವನ್ನು ಹೇಗೆ ನೀರೆಂದುಕೊಂಡಿತು, ಅದಕ್ಕೇ ಮೇಲೆ ಬಾಗಿಲು ಹೇಗೆ ಇಳಿಯಿತು, ಎಲ್ಲ ಬಿಡಿಸಿ ಹೇಳಿದೆ. ಅವಳು ಪೆಟ್ಟಿಗೆಯನ್ನೇ ನೋಡುತ್ತ ಕೇಳಿದಳು. ಅಳುತ್ತಾಳೇನೋ ಎಂದುಕೊಂಡೆ. ಅವಳ ಮುಖ ಕೆಂಪಗಾಯಿತು.

"ಅಂಗಾರೆ ನನ್ ಗದ್ದೆಗೆ ನಾನೇ ನೀರ್ ಕಟ್ಟಾಕ್ದೆ ಅನ್ನು."

"ನಿಮ್ಮದೇನೂ ತಪ್ಪಿಲ್ಲ ಅಕ್ಕ..."

"ತಪ್ಪಿಲ್ಲ ಅಂತ ನಂಗೂ ಗೊತ್ತು ಬುಡು!" ದನಿ ಏರಿಯ ಆಚೆಗೂ ಕೇಳಿಸುವಷ್ಟು ಜೋರಾಯಿತು. "ನಾ ಇಲ್ಲಿಂದ ದಿನಾ ಪೋನ್ ಮಾಡ್ದೆ. ನೀರಿಲ್ಲ, ನೀರಿಲ್ಲ ಅಂತ ಬಾಯ್ ಬಡ್ಕಂಡೆ. ನಿಮಗ್ ಮಾಡ್ದೆ, ಆಪೀಸ್ಗ್ ಮಾಡ್ದೆ. ನನ್ ಮಾತ್ ನಂಬ್ನಿಲ್ಲ ನೀವು. ಊವ ನಂಬುದ್ರಿ."



ಅವಳ ಕೂಗು ಕೇಳಿ ಸೌಡಿ ನಂಜಪ್ಪ ತನ್ನ ಮೊಪೆಡ್ಡಿನಲ್ಲಿ ಬಂದ. ನಾಲೆಯ ಬಾಗಿಲು ಎತ್ತಿ ಇಳಿಸುವವನು ಅವನೇ. ವಿಷಯ ತಿಳಿದು ತಲೆ ಕೆರೆದುಕೊಂಡ. "ನನ್ ಮೇಲ್ ಗೂಬೆ ಕೂರುಸ್ಬ್ಯಾಡಿ ಮೇಡಂ. ಎತ್ತು ಅಂದ್ರೆ ಎತ್ತೋನು, ಇಳ್ಸು ಅಂದ್ರೆ ಇಳ್ಸೋನು. ಆಪೀಸ್ನೋರು ಟಿವಿ ನೋಡ್ಕಂಡು ಏಳ್ತಾರೆ. ಅಲ್ದೆ ಈ ನಾಲೆ ಸರದಿ ನಾಳೀಕೆ ಮುಗೀತದೆ. ಇನ್ನು ನೀರು ಬರೋದು ಮುಂದಿನ್ ಸರದಿಗೇ."

"ಮುಂದಿನ್ ಸರದೀಗೆ ನೀರ್ ತಕ್ಕಂಡು ಜೊಳ್ಳಿಗ್ ಉಯ್ಯಲಾ?" ಎಂದಳು ದೇವಮ್ಮಣ್ಣಿ.

ಫೋಟೋ ತೆಗೆದು ಕಚೇರಿಯ ಎಂಜಿನಿಯರಿಗೆ ಕಳಿಸಿ ಫೋನು ಮಾಡಿದೆ. ಆತ ಮರ್ಯಾದೆಯಾಗಿಯೇ ಮಾತಾಡಿದ. "ಮೇಡಂ, ಫೋಟೋ ನೋಡಿ ಬಾಗಿಲು ಎತ್ತಿಸೋಕೆ ಬರಲ್ಲ. ಗೆರೆ ನೋಡಿ ಮಾಡಿ ಅಂತ ನಿಮ್ಮ ಯೂನಿವರ್ಸಿಟಿಯವರೇ ಬರೆಸಿಕೊಂಡಿದ್ದಾರೆ. ಗೆರೆ ಇಳೀಲಿ, ಆ ಕ್ಷಣವೇ ಎತ್ತಿಸ್ತೀನಿ."

ಗೆರೆ ಇಳಿಸುವುದು ನನ್ನ ಕೈಯಲ್ಲೇ ಇತ್ತು, ಹಾರ ತೆಗೆದರೆ ಸಾಕು. ಆದರೆ ಹೇಳದೆ ಹೇಗೆ ಮಾಡುವುದು ಎಂದು ರಾಜಶೇಖರ ಸರ್‌ಗೆ ಫೋನು ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವರು, "ಶೈಲಾ! ಎಲ್ಲಿದ್ದೀಯಮ್ಮಾ? ಇ-ಮೇಲ್ ನೋಡಿದ್ಯಾ? ಪೇಪರ್ ಒಪ್ಪಿದ್ದಾರೆ!" ಎಂದರು.

ಎಷ್ಟು ದಿನ ಆ ಒಂದು ಮಾತಿಗಾಗಿ ಕೂರದೆ ನಿಲ್ಲದೆ ಇದ್ದೆ! ಅದು ಬಂದದ್ದು ಒಣ ನಾಲೆಯ ಏರಿಯ ಮೇಲೆ. ಒಂದು ಗಳಿಗೆ ಎಲ್ಲ ಮರೆತು ಸಂತೋಷವೇ ಆಯಿತು. ಆಮೇಲೆ ವಿಷಯ ಹೇಳಿದೆ.

"ತೆಗೆದುಬಿಟ್ಟೆಯಾ?"

"ಇಲ್ಲ ಸರ್, ಇನ್ನೂ."

"ತೆಗೀಬೇಡ. ಸೋಮವಾರ ಸಂಜೆ ಸಮಿತಿ ಹೋದ ಮೇಲೆ ತೆಗಿ. ಆಮೇಲೆ ಏನು ಮಾಡೋದು ಅಂತ ಕೂತು ಯೋಚಿಸೋಣ."

"ನೀರಿನ ಸರದಿ ನಾಳೆಗೆ ಮುಗಿಯುತ್ತೆ ಸರ್. ತೆನೆ ಬರ್ತಿದೆ."

"ಅವರಿಗಾಗೋ ನಷ್ಟ ನಾನು ಕೊಡ್ತೀನಮ್ಮ, ಆಣೆ ಇಟ್ಟು ಹೇಳ್ತೀನಿ. ಎರಡು ದಿನ. ನಿನ್ನ ಥೀಸಿಸ್ಸು, ನಿನ್ನ ಕೆಲಸ, ನನ್ನ ವಿಭಾಗ, ಎಲ್ಲ ಆ ಗೆರೆಗೆ ನೇತಾಡ್ತಿದೆ ಶೈಲಾ." ದನಿಯಲ್ಲಿ ಗದರಿಕೆ ಇರಲಿಲ್ಲ. ಬೇಡಿಕೊಳ್ಳುತ್ತಿದ್ದರು. ಗದರಿದ್ದರೆ ನನಗೆ ಸುಲಭವಾಗುತ್ತಿತ್ತು.

ಫೋನು ಇಟ್ಟು ಏರಿಯ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತಿರುಗಾಡಿದೆ. ಕೆಲಸ ಹೋದರೆ ಏನು ಮಾಡಲಿ? ಇಷ್ಟು ವರ್ಷದ ಓದು? ಅಮ್ಮನಿಗೆ ಏನು ಹೇಳಲಿ? ನಂಜಪ್ಪ ಮೊಪೆಡ್ಡಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ.

"ಏನಂದ್ರು ಮೇಷ್ಟ್ರು?" ದೇವಮ್ಮಣ್ಣಿ ಕೇಳಿದಳು.

"ಸೋಮವಾರ ತೆಗಿ ಅಂದ್ರು."

"ಸೋಮವಾರ ತೆಗುದ್ರೆ ನೀರ್ ಬತ್ತದಾ?"

"ಇಲ್ಲ."

ಅವಳು ಬೇಡಲಿಲ್ಲ, ಬಯ್ಯಲೂ ಇಲ್ಲ. ಬಗ್ಗಿ ಗದ್ದೆಯಿಂದ ಒಂದು ಪೈರು ಕಿತ್ತು, ಒಡಲು ಬಿಡಿಸಿ, ಇನ್ನೂ ಹಾಲು ತುಂಬದ ಎಳೆಯ ತೆನೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ನನಗೆ ತೋರಿಸಲೂ ಇಲ್ಲ, ತಾನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹೋಗಿ ಹಾರಕ್ಕೆ ಕೈಹಾಕಿ ಜಗ್ಗಿದೆ.

"ಏಯ್, ಕೀಳ್ಬ್ಯಾಡ! ಪೂಜೆ ಆಗಿರೋ ಊವ. ನಾ ತೆಗೀತೀನಿ, ಸರಿ ಅತ್ಲಾಗೆ."

ಅಷ್ಟು ಸಿಟ್ಟಿನಲ್ಲೂ ಅವಳು ಸೆರಗು ಸರಿಮಾಡಿಕೊಂಡಳು, ಪೆಟ್ಟಿಗೆಗೆ ಕೈಮುಗಿದಳು. "ನಿನ್ ಕಣ್ಗೆ ಅಡ್ಡ ಬಂದೆ ಕಣಪ್ಪ, ಒಟ್ಟೆಗಾಕ್ಕೋ" ಎಂದು ಹಾರವನ್ನು ಮೆಲ್ಲಗೆ ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ಪೂಜೆಯ ಹೂವನ್ನು ಹರಿಯುವ ನೀರಿಗೆ ಬಿಡಬೇಕು. ಅಲ್ಲಿ ಹರಿಯುವ ನೀರು ಇರಲಿಲ್ಲ. ಹಾಗಾಗಿ ಮಡಿಲಲ್ಲಿ ಹಿಡಿದುಕೊಂಡೇ ಏರಿಯ ಮೇಲೆ ಕೂತಳು.

ನನ್ನ ಫೋನಿನಲ್ಲಿ ಐದನೆಯ ಗೆರೆ ತಳಕ್ಕೆ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ನಂಜಪ್ಪನ ಫೋನು ಹೊಡೆದುಕೊಂಡಿತು. "ಊ ಸಾ... ಆಯ್ತು ಸಾ... ಪೂರ್ತಿನಾ ಸಾ?" ಎಂದವನು ಮೊಪೆಡ್ಡು ತಿರುಗಿಸಿಕೊಂಡು ಮೇಲಿನ ಬಾಗಿಲ ಕಡೆಗೆ ಹೋದ. ಒಬ್ಬ ಹೆಂಗಸು ವಾರವಿಡೀ ಕೂಗಿದ್ದಕ್ಕೆ ಅಲ್ಲಾಡದ ಬಾಗಿಲು ಗೆರೆಯೊಂದು ಬಿದ್ದದ್ದಕ್ಕೆ ಎದ್ದಿತು.

ನೀರು ಬಂದದ್ದು ಸಂಜೆ ಇಳಿಯುವ ಹೊತ್ತಿಗೆ. ಮೊದಲು ಕಸಕಡ್ಡಿ, ನೊರೆ, ಒಂದು ಹರಿದ ಚಪ್ಪಲಿ, ಅದರ ಹಿಂದೆ ಕೆಂಪು ನೀರು ಬಿರುಕುಗಳನ್ನು ಹುಡುಕಿಕೊಂಡು ತೆವಳುತ್ತ ಬಂತು. ದೇವಮ್ಮಣ್ಣಿ ಎದ್ದು, ಹಾರವನ್ನು ಕಣ್ಣಿಗೊತ್ತಿಕೊಂಡು, ನೀರಿಗೆ ಬಿಟ್ಟಳು. ಅದು ಒಂದು ಸುತ್ತು ಸುತ್ತಿ ನೇರವಾಗಿ ಅವಳ ತೂಬಿನ ಬಾಯಿಗೇ ಹೋಗಿ ಸಿಕ್ಕಿಕೊಂಡಿತು. "ಇನ್ನೂ ಬುಡಂಗಿಲ್ವೇನಪ್ಪ ನೀನು ನನ್ನ!" ಎಂದು ಕೋಲಿನಿಂದ ತಳ್ಳಿದಳು. ಆಗ ಇಬ್ಬರೂ ನಕ್ಕೆವು. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೋಮವಾರ ಸಮಿತಿ ಬಂತು. ಹಜಾರದಲ್ಲಿ ಟಿವಿಯ ಮುಂದೆ ನಿಂತರು. ಐದನೆಯ ಗೆರೆ ಶನಿವಾರ ತಳಕ್ಕೆ ಬಿದ್ದು, ಮತ್ತೆ ಎದ್ದು, ಮೊದಲಿಗಿಂತ ಕೆಳಗೆ, ನಿಜವಾದ ನೀರು ಎಲ್ಲಿತ್ತೋ ಅಲ್ಲಿ ಆಡಿ, ಸರದಿ ಮುಗಿದದ್ದರಿಂದ ಮತ್ತೆ ಇಳಿಯುತ್ತಿತ್ತು. ಸರ್ ಬೆವರಿದರು. "ಶನಿವಾರ ಒಂದು ಉಪಕರಣ ಕೆಟ್ಟಿತ್ತು" ಎಂದರು. ನಾನು ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ. ಸಮಿತಿಯ ಹಿರಿಯರು ಗೆರೆಯ ಕಡೆಗೆ ನೋಡಲೇ ಇಲ್ಲ. "ಈ ವರ್ಷ ಒಟ್ಟು ಎಷ್ಟು ಪೇಪರ್?" ಎಂದು ಕೇಳಿದರು. ಉತ್ತರ ಬರೆದುಕೊಂಡರು, ತಿಂಡಿಯ ಕಡೆಗೆ ನಡೆದರು.

ಪೇಪರನ್ನು ವಾಪಸು ತೆಗೆದುಕೊಳ್ಳೋಣ ಎಂದು ಸರ್ ಹತ್ತಿರ ಹೋಗಿ ಕೇಳಿದೆ. ಒಂದು ಸಲವಲ್ಲ, ಅವರು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುವಷ್ಟು ಸಲ ಕೇಳಿದೆ. ಕೊನೆಗೆ, ಹಾಗಾದರೆ ನನ್ನ ಹೆಸರನ್ನಾದರೂ ತೆಗೆಯಿರಿ ಎಂದೆ. ಹೆಸರು ತೆಗೆದರು, ಗೆರೆ ತೆಗೆಯಲಿಲ್ಲ. ಶನಿವಾರದ ಹಿಂದಿನ ದಿನಕ್ಕೆ ಅದನ್ನು ಕತ್ತರಿಸಿ ಅಚ್ಚು ಹಾಕಿಸಿದರು. ನಾನು ಜರ್ನಲಿಗೂ ಬರೆದೆ. ಉತ್ತರ ಬರಲಿಲ್ಲ. ಹೊಸ ವರ್ಷಕ್ಕೆ ನನ್ನ ಕರಾರು ಮುಂದುವರಿಯಲಿಲ್ಲ. ಹೊರಟ ದಿನ ಸರ್ ಗೇಟಿನವರೆಗೆ ಬಂದರು. ದೇವಮ್ಮಣ್ಣಿಯ ಗದ್ದೆಯಲ್ಲಿ ಆ ವರ್ಷ ಅರ್ಧ ಕಾಳು, ಅರ್ಧ ಜೊಳ್ಳು. ಆ ಅರ್ಧದಲ್ಲೂ ಒಂದು ಚೀಲ ಅಕ್ಕಿ ಮಾಡಿಸಿ ನನಗೆ ಬಸ್ಸಿನಲ್ಲಿ ಕಳಿಸಿದ್ದಳು. ನನಗೆ ಆ ಅನ್ನ ತಿನ್ನುವಾಗ ಅಳು ಬರುತ್ತಿತ್ತು, ಆದರೂ ನಾನೂ ಅಮ್ಮನೂ ಒಂದಗುಳು ಬಿಡದೆ ತಿಂದೆವು.

ನಂಜನಗೂಡಿನಲ್ಲಿ ಹೂವಿನ ಮೂಟೆ ಇಳಿಯಿತು. ಹುಲ್ಲಹಳ್ಳಿಯ ಬಸ್ಸಿಗೆ ಬದಲಾಯಿಸಿ, ಊರು ಬರುವಷ್ಟರಲ್ಲಿ ಇಷ್ಟನ್ನೂ ಸಿಂಚನಾಳಿಗೆ ಹೇಳಿ ಮುಗಿಸಿದೆ. ಅವಳು ಪೇಪರನ್ನು ಚೀಲದಿಂದ ತೆಗೆದು ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಮಿಸ್, ಹಾಗಾದ್ರೆ ಇದನ್ನ ನನ್ನ ರಿಪೋರ್ಟಲ್ಲಿ ಹಾಕ್ಲಾ, ಬೇಡ್ವಾ?"

"ಹಾಕು. ಪಕ್ಕದಲ್ಲಿ ಚೆಂಡುಹೂವು ಅಂತ ಬರಿ."

ಕಂಬ ಇನ್ನೂ ಅಲ್ಲೇ ಇತ್ತು. ಪೆಟ್ಟಿಗೆಯನ್ನು ವಿಶ್ವವಿದ್ಯಾಲಯದವರು ಎಂದೋ ಬಿಚ್ಚಿಕೊಂಡು ಹೋಗಿದ್ದರು. ಬುಡದಿಂದ ಒಂದು ಹೀರೆ ಬಳ್ಳಿ ಹಬ್ಬಿತ್ತು. ನಾಲೆಯಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು. ದೇವಮ್ಮಣ್ಣಿಯ ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. "ಮತ್ತೆ ತಂದ್ರಾ ಗೂಬೆಯ!" ಎಂದು ನನ್ನ ಕೈ ಹಿಡಿದುಕೊಂಡಳು. ಬಳ್ಳಿಯನ್ನು ಅವಳೇ ಸರಿಸಿಕೊಟ್ಟಳು. ಸಿಂಚನಾ ಪೆಟ್ಟಿಗೆ ಬಿಗಿದು, ಕೆಳಗೆ ನೋಡುವ ಹಾಗೆ ಕೂರಿಸಿದಳು. ನಾಳೆಯೇ ಆಯುಧಪೂಜೆ.

"ಹೂವು ಬೇಕಾದ್ರೆ ಕಂಬದ ಹಿಂದುಗಡೆ ಕಟ್ಟಿ ಅಜ್ಜಿ, ತೊಂದರೆ ಆಗಲ್ಲ" ಎಂದಳು ಸಿಂಚನಾ, ತುಂಬ ಜಾಗ್ರತೆಯಿಂದ.

"ಊವ ಟಿಲ್ಲರಿಗೆ ಕಟ್ತೀನಿ ಬುಡು. ಇದಕ್ ಬ್ಯಾಡ. ನಿನ್ ನಂಬರ್ ಕೊಡು."

ಸಿಂಚನಾ ಕೊಟ್ಟಳು. ದೇವಮ್ಮಣ್ಣಿ ಒಂದೊಂದೇ ಅಂಕಿ ಒತ್ತಿ, ಫೋನನ್ನು ಕಿವಿಗಿಟ್ಟುಕೊಂಡಳು. ಸಿಂಚನಾಳ ಕೈಯಲ್ಲಿದ್ದ ಫೋನು ಹಾಡಿತು. ಹುಡುಗಿ ನಕ್ಕಳು.

"ಎದುರಿಗೇ ಇದ್ದೀನಲ್ಲ ಅಜ್ಜಿ!"

ದೇವಮ್ಮಣ್ಣಿ ನಗಲಿಲ್ಲ.

"ಎತ್ತು" ಎಂದಳು.

ಸಿಂಚನಾ ನನ್ನ ಮುಖ ನೋಡಿದಳು. ಆಮೇಲೆ ಫೋನು ಎತ್ತಿ, ಮಾರುದೂರದಲ್ಲಿ ನಿಂತವಳಿಗೆ, "ಹಲೋ" ಎಂದಳು.

"ನಾನು ದೇವಮ್ಮಣ್ಣಿ, ಕೊನೇ ಗದ್ದೆಯೋಳು" ಎಂದಳು ಅವಳು, ನಾಲೆಯನ್ನು ನೋಡುತ್ತ. "ಈಗ ನೀರ್ ಅದೆ ಕಣವ್ವ. ಇಲ್ದಿದ್ ದಿನಾನೂ ಮಾಡ್ತೀನಿ."